ಹೊಗೆಬಂಡಿಯ ಅನ್ನಋಣ

ಮನುಷ್ಯನಿಗೆ ಹುಟ್ಟಿನಿಂದಲೇ ಮೂರು ಋಣಗಳುಂಟೆಂದು ನಮ್ಮ ಹಿರಿಯರು ಎಣಿಸಿದ್ದಾರೆ: ದೇವಋಣ, ಋಷಿಋಣ, ಪಿತೃಋಣ. ನಮ್ಮ ಮನೆತನಕ್ಕೆ ಇವುಗಳ ಜೊತೆಗೆ ನಾಲ್ಕನೆಯದೊಂದಿದೆ. ಅದು ರೈಲಿನ ಋಣ. ಅಜ್ಜ ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಲ್ಲಿ ಫಿಟ್ಟರಾಗಿದ್ದನು. ಅಪ್ಪ ಎಂಜಿನ್ನಿನ ಮೈಯೊರಸುವ ಕೆಲಸದಿಂದ ಮೊದಲುಮಾಡಿ, ಬೆಂಕಿಯವನಾಗಿ, ಕಡೆಗೆ ಡ್ರೈವರನಾದನು. ನಾನು ರೈಲಿನ ನೌಕರಿಯನ್ನು ಮಾಡಲಿಲ್ಲ. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದೆನು. ಆದರೂ ನಾನು ಉಂಡ ಅನ್ನ, ಓದಿದ ಓದು ಎರಡೂ ಅಲ್ಲಿಂದಲೇ ಬಂದುವು. ಈ ಋಣದ ಲೆಕ್ಕವನ್ನು ಕೂಡಿಸಿ ನೋಡಬೇಕೆಂದು ನನಗೆ ಎಂದೂ ಅನಿಸಿರಲಿಲ್ಲ. ೨೦೨೪ನೆಯ ಇಸವಿಯ ದೀಪಾವಳಿಯಲ್ಲಿ ಅಂತಹದೊಂದು ಪ್ರಸಂಗ ತಾನಾಗಿಯೇ ಬಂದೊದಗಿತು. ನಡೆದುದನ್ನು ನಡೆದಂತೆ ವಾಚಕರ ಮುಂದಿಡುತ್ತೇನೆ.

ನನ್ನ ಮಗ ಬೆಂಗಳೂರಿನಲ್ಲಿ ಲೆಕ್ಕಪರಿಶೋಧಕನು. ಹಬ್ಬಕ್ಕೆಂದು ಬಂದವನು ಪಾಡ್ಯದ ಬೆಳಗ್ಗೆ ಪಡಸಾಲೆಯಲ್ಲಿ ಕುಳಿತು ವರ್ತಮಾನಪತ್ರಿಕೆಯನ್ನು ಓದುತ್ತಿದ್ದನು. ಓದುತ್ತ ಓದುತ್ತ ನಕ್ಕು, ನನ್ನ ಕಡೆಗೆ ತಿರುಗಿ, “ಅಪ್ಪಾ, ರೈಲ್ವೆ ನೂರು ರೂಪಾಯಿ ಗಳಿಸಲಿಕ್ಕೆ ತೊಂಬತ್ತೆಂಟು ರೂಪಾಯಿ ಖರ್ಚು ಮಾಡತದ. ಅದರಾಗ ಕಾಲುಭಾಗ ಬರೇ ಪಿಂಚಣಿಗೆ. ಕೆಲಸ ಬಿಟ್ಟವರನ್ನ ಸಾಕೂದರಾಗ ಸಂಸ್ಥಾ ಮುಳಗತದ” ಎಂದನು. ಅವನು ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಅಂಕಿಗಳೊಡನೆ ಬಾಳುವವರು ಆಡುವ ಮಾತು ಅಷ್ಟೆ.

ಮೂಲೆಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದ ನನ್ನ ತಾಯಿ ಕೈಯನ್ನು ನಿಲ್ಲಿಸಿದಳು. ಆಕೆಗೆ ಎಂಬತ್ತಾರು ವರ್ಷ. ಅಪ್ಪ ೨೦೦೫ರಲ್ಲಿ ತೀರಿಕೊಂಡಂದಿನಿಂದ ಆಕೆಗೆ ರೈಲ್ವೆಯ ಕುಟುಂಬ ಪಿಂಚಣಿ ಬರುತ್ತಿದೆ.

“ಕೂಸ, ಆ ಕಾಲುಭಾಗದಾಗ ನಂದೂ ಸೇರೇದೇನು?” ಎಂದು ಕೇಳಿದಳು.

“ನಿಂದು ಎಷ್ಟಾದೀತು ಆಯಿ? ಒಂದು ಹನಿ.”

“ಹನಿ ಹನಿ ಕೂಡೇ ಹಳ್ಳ ಆಗತದಲ್ಲೋ” ಎಂದು ಮತ್ತೆ ಬತ್ತಿ ಹೊಸೆಯತೊಡಗಿದಳು. ಮಾತು ಅಲ್ಲಿಗೆ ಮುಗಿಯಿತೆಂದು ನಾವಿಬ್ಬರೂ ತಿಳಿದೆವು.

ಮುಗಿದಿರಲಿಲ್ಲ. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ, ನವೆಂಬರ್ ತಿಂಗಳಲ್ಲಿ, ತಾವು ಬದುಕಿರುವುದಾಗಿ ಪ್ರಮಾಣಪತ್ರ ಕೊಡಬೇಕು. ಪ್ರತಿವರ್ಷವೂ ತಿಂಗಳ ಮೊದಲ ವಾರದಲ್ಲಿಯೇ ಇಳಕಲ್ಲ ಸೀರೆಯುಟ್ಟು, ಚೀಲದಲ್ಲಿ ಕಾಗದಪತ್ರಗಳನ್ನಿಟ್ಟುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದವಳು ಆ ವರ್ಷ ಏಳಲಿಲ್ಲ. ಎರಡನೆಯ ವಾರ ನಾನೇ ನೆನಪು ಮಾಡಿದಾಗ, “ನಾ ಇನ್ನೂ ಇದ್ದೀನಿ ಅಂತ ಹೇಳಲಿಕ್ಕೆ ನಾಚಿಕಿ ಬರತದೋ ತಮ್ಮಾ. ಈ ಸಲ ಬ್ಯಾಡ” ಎಂದಳು.

ನಾನು ತರಗತಿಯಲ್ಲಿ ಮೂವತ್ತು ವರ್ಷ ಮಾತನಾಡಿದವನು. ಈ ಮಾತಿಗೆ ಉತ್ತರ ಹೊಳೆಯಲಿಲ್ಲ. ಅಂದು ರಾತ್ರಿ ಕುಳಿತು ನಮ್ಮ ಮನೆಯ ಲೆಕ್ಕವನ್ನೂ ರೈಲಿನ ಲೆಕ್ಕವನ್ನೂ ಒಂದೇ ಹಾಳೆಯ ಮೇಲೆ ಬರೆಯಲು ತೊಡಗಿದೆನು.

ಮೊದಲು ಮನೆಯದು. ೧೮೭೬ರಿಂದ ೭೮ರ ವರೆಗಿನ ಘೋರ ಕ್ಷಾಮದಲ್ಲಿ ನಮ್ಮ ಕಡೆಯ ಹಳ್ಳಿಗಳು ಬರಿದಾದುವು. ಕಾಳು ಇರುವ ಸೀಮೆಯಿಂದ ಇಲ್ಲದ ಸೀಮೆಗೆ ಒಯ್ಯಲು ದಾರಿಯಿಲ್ಲದೆ ಜನ ಸತ್ತರೆಂಬುದನ್ನು ಆಗಿನ ಸರಕಾರವು ಕಂಡುಕೊಂಡ ತರುವಾಯ, ೧೮೮೨ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹುಟ್ಟಿತು. ೧೮೮೫ರಲ್ಲಿ ಹುಬ್ಬಳ್ಳಿಯ ಕಾರಖಾನೆಯು ಏರ್ಪಟ್ಟಿತು. ೧೯೦೮ರಲ್ಲಿ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿ ಹೆಸರನ್ನು ಹಿಗ್ಗಿಸಿಕೊಂಡಿತು. ಅಜ್ಜ ಸೇರಿದ್ದು ಆ ಹಿಗ್ಗಿದ ಹೆಸರಿನ ಕಂಪನಿಯನ್ನು. ಮೊದಲನೆಯ ಮಹಾಯುದ್ಧ ಮುಗಿದ ವರ್ಷದಲ್ಲಿ. ಅಪ್ಪ ೧೯೪೮ರಲ್ಲಿ ಸೇರುವ ಹೊತ್ತಿಗೆ ಅದು ಸರಕಾರದ ಸ್ವತ್ತಾಗಿದ್ದಿತು. ೧೯೫೧ರ ಏಪ್ರಿಲ್ ೧೪ರಂದು ಮೈಸೂರು ಸಂಸ್ಥಾನದ ರೈಲ್ವೆ, ಸೌತ್ ಇಂಡಿಯನ್ ರೈಲ್ವೆಗಳೊಡನೆ ಕೂಡಿ ದಕ್ಷಿಣ ರೈಲ್ವೆಯಾಯಿತು. ೧೯೬೬ರಲ್ಲಿ ಹುಬ್ಬಳ್ಳಿಯ ವಿಭಾಗವು ದಕ್ಷಿಣ ಮಧ್ಯ ರೈಲ್ವೆಗೆ ಸೇರಿತು. ೨೦೦೩ರಲ್ಲಿ ನೈರುತ್ಯ ರೈಲ್ವೆಯೇ ಹುಟ್ಟಿ ಹುಬ್ಬಳ್ಳಿಯು ಅದರ ಮುಖ್ಯ ಠಾಣೆಯಾಯಿತು. ಹೀಗೆ ಹೆಸರುಗಳು ಬದಲಾದುವು. ಬೆಳಗಿನ ಭೋಂಗಾ ಮಾತ್ರ ಒಂದೇ ಆಗಿದ್ದಿತು. ಅದು ಕೂಗಿದೊಡನೆ ಊರಿಗೆ ಊರೇ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದಿತು.

ಅಜ್ಜ ೧೯೫೩ರಲ್ಲಿ ನಿವೃತ್ತನಾದನು. ಆ ಕಾಲದ ರೈಲ್ವೆ ನೌಕರರಿಗೆ ಪಿಂಚಣಿಯಿರಲಿಲ್ಲ. ಭವಿಷ್ಯನಿಧಿಯ ಗಂಟೊಂದು ಕೈಗೆ ಬರುತ್ತಿದ್ದಿತು. ಆ ಗಂಟಿನಲ್ಲಿ ಅರ್ಧವು ಅತ್ತೆಯ ಮದುವೆಗೆ ಹೋಯಿತು. ಉಳಿದರ್ಧವನ್ನು ಯಾರದೋ ಮಾತು ಕೇಳಿ ಕಾಳಿನ ವ್ಯಾಪಾರದಲ್ಲಿ ಹಾಕಿ, ಎರಡೇ ವರ್ಷದಲ್ಲಿ ಕೈ ಝಾಡಿಸಿಕೊಂಡು ಕುಳಿತನು. ಮೂವತ್ತೈದು ವರ್ಷ ಸಾಣೆ ಹಿಡಿದ ಕೈ, ಎಲೆಯಡಿಕೆಗೂ ಮಗನ ಮುಂದೆ ಚಾಚುವಂತಾಯಿತು. ೧೯೫೭ರ ನವೆಂಬರಿನಲ್ಲಿ ರೈಲ್ವೆಗೆ ಪಿಂಚಣಿಯ ಪದ್ಧತಿ ಬಂದಿತು. ಮೊದಲೇ ಸೇರಿದ್ದ ನೌಕರರು ಹಳೆಯ ಗಂಟನ್ನಾಗಲಿ ಹೊಸ ಪಿಂಚಣಿಯನ್ನಾಗಲಿ ಆರಿಸಿಕೊಳ್ಳಬೇಕು. ಷೆಡ್ಡಿನಲ್ಲಿ ಹಲವರು ಗಂಟೇ ವಾಸಿಯೆಂದರು. ಅಪ್ಪ ಎರಡು ಮನಸ್ಸಿನಲ್ಲಿದ್ದನು. ನಾನಾಗ ತೊಟ್ಟಿಲ ಬಿಟ್ಟು ಅಂಬೆಗಾಲಿಕ್ಕುತ್ತಿದ್ದ ಕೂಸು. ಮುಂದೆ ಅವ್ವನಿಂದ ಕೇಳಿದ್ದನ್ನು ಹೇಳುತ್ತೇನೆ. ಅಜ್ಜನ ಹೆಂಡತಿ, ಓದುಬರಹ ಅರಿಯದ ನನ್ನ ಆಯಿ, ಒಳಗಿನಿಂದ, “ಕೆರಿ ಒಡದ್ರ ಒಂದ ರಾತ್ರ್ಯಾಗ ಖಾಲಿ. ಒರತಿ ಸಣ್ಣದಿದ್ರೂ ಬ್ಯಾಸಿಗ್ಯಾಗ ಇರತದ” ಎಂದಳಂತೆ. ಅಪ್ಪ ಪಿಂಚಣಿಗೆ ಸಹಿ ಹಾಕಿದನು. ಆ ಒರತೆಯ ನೀರನ್ನೇ ಅವ್ವ ಇಂದಿಗೂ ಕುಡಿಯುತ್ತಿರುವುದು.

ಅಪ್ಪನು ದುಡಿದುದು ಸಣ್ಣ ಗೇಜಿನ ಉಗಿ ಎಂಜಿನ್ನುಗಳ ಮೇಲೆ. ಗುಂತಕಲ್ಲಿನ ಕಡೆಗೆ, ಲೋಂಡೆಯ ಕಡೆಗೆ, ಹೊಸಪೇಟೆಯ ಅದಿರಿನ ಗಾಡಿ, ಹತ್ತಿಯ ಗಾಡಿ. ರಾತ್ರಿ ಯಾವ ಹೊತ್ತಿನಲ್ಲಿಯಾದರೂ ಷೆಡ್ಡಿನಿಂದ ಕರೆಯುವ ಆಳು ಕಂದೀಲು ಹಿಡಿದುಕೊಂಡು ಬಂದು ಕ್ವಾರ್ಟರಿನ ಬಾಗಿಲು ತಟ್ಟುತ್ತಿದ್ದನು. ಅಪ್ಪ ಅವನ ಪುಸ್ತಕದಲ್ಲಿ ಸಹಿ ಮಾಡುವಷ್ಟರಲ್ಲಿ ಅವ್ವ ಒಲೆ ಹೊತ್ತಿಸಿ ರೊಟ್ಟಿ ಬಡಿಯುತ್ತಿದ್ದಳು. ಹೋದವನು ಎಂದು ಬರುವನೆಂಬುದು ಗಾಡಿಗೆ ಗೊತ್ತು, ದೇವರಿಗೆ ಗೊತ್ತು. “ಪ್ಯಾಸೆಂಜರ್ ಗಾಡಿ ಹೆಸರು ತರತದ, ಗೂಡ್ಸ್ ಗಾಡಿ ಅನ್ನ ತರತದ” ಎಂಬುದು ಅಪ್ಪನ ನಿತ್ಯದ ಮಾತು. ೧೯೭೪ರ ಮೇ ೮ರಂದು ದೇಶದ ರೈಲ್ವೆ ನೌಕರರು ಮುಷ್ಕರ ಹೂಡಿದರು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ಅದರ ಮುಂದಾಳು. ಇಪ್ಪತ್ತು ದಿನಗಳ ಮೇಲೆ ಮುಷ್ಕರವನ್ನು ಹಿಂತೆಗೆದುಕೊಂಡರು. ಅಪ್ಪನೂ ಹೊರಗಿದ್ದನು. ಆ ಇಪ್ಪತ್ತು ದಿನ ಸಂಬಳವಿಲ್ಲ. ಅವ್ವ ಕೊರಳ ಸರವನ್ನು ಒತ್ತೆಯಿಟ್ಟು ಜೋಳ ತಂದಳು. ಮುಷ್ಕರ ಮುಗಿದ ದಿನ ಅಪ್ಪ ಕೆಲಸಕ್ಕೆ ಹೋಗುವ ಮೊದಲು ಎಂಜಿನ್ನಿಗೆ ಕೈಮುಗಿದನೆಂದು ಅವನ ಬೆಂಕಿಯವನೇ ನನಗೆ ಹೇಳಿದನು. ಜಗಳ ಬೇರೆ, ಭಕ್ತಿ ಬೇರೆ ಎಂದು ಅವನ ಮತ.

ಇದಿಷ್ಟು ಜಮೆಯ ಕಡೆಗೆ ಬರೆದೆನು. ಖರ್ಚಿನ ಕಡೆಗೆ ಏನು? ಇದ್ದ ಕ್ವಾರ್ಟರು ರೈಲಿನದು. ನನ್ನ ತಂಗಿ ಹುಟ್ಟಿದ ಆಸ್ಪತ್ರೆ ರೈಲಿನದು. ಕಾಶಿಗೆ ಹೋಗಿ ಬಂದ ಪಾಸು ರೈಲಿನದು. ನಾನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ೨೦ ಕಿಲೋಮೀಟರು ದಿನವೂ ಹೋಗಿ ಬಂದು ಕಾಲೇಜು ಓದಿದುದು ವಿದ್ಯಾರ್ಥಿಗಳ ಅಗ್ಗದ ತಿಂಗಳ ಚೀಟಿಯಿಂದ. ಆ ಚೀಟಿಯ ಹಣದಿಂದ ಗಾಡಿಯ ಕಲ್ಲಿದ್ದಲಿನ ಖರ್ಚೂ ಹುಟ್ಟುತ್ತಿರಲಿಲ್ಲವೆಂಬುದು ನನಗೆ ಈಗ ತಿಳಿಯುತ್ತಿದೆ. ಅಂದರೆ ನಾನು ಪಂಡಿತನಾದುದು ರೈಲಿನ ನಷ್ಟದಲ್ಲಿ.

ಇನ್ನು ರೈಲಿನ ಲೆಕ್ಕ. ಮಗ ಹೇಳಿದ ಅಂಕಿಗೆ ನಿರ್ವಹಣಾ ಅನುಪಾತವೆಂದು ಹೆಸರು. ನೂರು ರೂಪಾಯಿ ಗಳಿಸಲು ಎಷ್ಟು ರೂಪಾಯಿ ವ್ಯಯವಾಯಿತೆಂಬುದೇ ಅದರ ಅರ್ಥ. ೨೦೦೭–೦೮ರಲ್ಲಿ ಅದು ಸುಮಾರು ೭೬ ಇದ್ದಿತು. ಮರುವರ್ಷವೇ ಆರನೆಯ ವೇತನ ಆಯೋಗದ ಭಾರ ಬಿದ್ದು ೯೦ನ್ನು ದಾಟಿತು. ಏಳನೆಯ ಆಯೋಗದ ತರುವಾಯ, ೨೦೧೭–೧೮ರಲ್ಲಿ, ೯೮ನ್ನು ಮೀರಿತು. ೨೦೨೧–೨೨ರಲ್ಲಿ ೧೦೭ರ ಮೇಲೆ ಹೋಯಿತು. ಗಳಿಸಿದುದಕ್ಕಿಂತ ಕಳೆದುದೇ ಹೆಚ್ಚು. ೨೦೨೨–೨೩ರಲ್ಲಿ ೯೮.೧೦, ೨೦೨೩–೨೪ರಲ್ಲಿ ೯೮.೪೩. ಹೊಸ ಮಾರ್ಗಗಳಿಗೂ ಹೊಸ ಬಂಡಿಗಳಿಗೂ ಕೇಂದ್ರ ಸರಕಾರವು ವರ್ಷಕ್ಕೆ ಎರಡೂವರೆ ಲಕ್ಷ ಕೋಟಿ ರೂಪಾಯಿಗಳಷ್ಟು ಬಂಡವಾಳ ಒದಗಿಸಿದುದು ನಿಜ. ಆದರೆ ಅದು ಬೊಕ್ಕಸದ ಹಣ. ರೈಲು ತಾನೇ ದುಡಿದು ಉಳಿಸಿದುದಲ್ಲ. ದುಡಿಮೆಯಲ್ಲಿ ಉಳಿಯುವುದು ನೂರಕ್ಕೆ ಎರಡು ರೂಪಾಯಿಗೂ ಕಡಿಮೆ. ೧೯೨೪ರಿಂದ ತೊಂಬತ್ತೆರಡು ವರ್ಷ ರೈಲ್ವೆಗೆ ತನ್ನದೇ ಪ್ರತ್ಯೇಕ ಬಜೆಟ್ಟು ಇದ್ದಿತು. ೨೦೧೭ರಲ್ಲಿ ಅದು ಸಾಮಾನ್ಯ ಬಜೆಟ್ಟಿನೊಳಗೆ ಸೇರಿಹೋಯಿತು. ದೊಡ್ಡ ಮಗನ ಬೇರೆ ಒಲೆಯನ್ನು ತಂದೆಯ ಒಲೆಗೆ ಕೂಡಿಸಿದಂತೆ. ಬೇರೆ ಒಲೆಯಿದ್ದಾಗ ತಂದೆಗೆ ಕೊಡುತ್ತಿದ್ದ ಲಾಭಾಂಶವೂ ಅಲ್ಲಿಗೆ ನಿಂತಿತು.

ಇದಕ್ಕೆ ಕಾರಣಗಳೇನು? ಪಿಂಚಣಿ ಒಂದು, ಮಗನ ಮಾತು ಸುಳ್ಳಲ್ಲ. ದುಡಿಯುವವರು ಸುಮಾರು ೧೨ ಲಕ್ಷವಾದರೆ ಪಿಂಚಣಿ ಪಡೆಯುವವರು ಅದಕ್ಕಿಂತ ಹೆಚ್ಚು. ಆದರೆ ಅದೊಂದೇ ಕಾರಣವೆನ್ನುವುದು ಲೆಕ್ಕವಾಗಲಾರದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶದ ಸಾಮಾನು ಸಾಗಣೆಯ ಐದು ಪಾಲಿನಲ್ಲಿ ನಾಲ್ಕಕ್ಕೂ ಹೆಚ್ಚನ್ನು ರೈಲೇ ಹೊರುತ್ತಿದ್ದಿತು. ಈಗ ಮೂರರಲ್ಲಿ ಒಂದು ಪಾಲೂ ಇಲ್ಲ. ಉಳಿದುದು ಲಾರಿಯ ಪಾಲಾಯಿತು. ಏಕೆಂದರೆ ಪ್ರಯಾಣಿಕರ ದರವನ್ನು ಏರಿಸಲು ಯಾವ ಸರಕಾರಕ್ಕೂ ಧೈರ್ಯ ಸಾಲದೆ, ಆ ನಷ್ಟವನ್ನು ಸಾಮಾನಿನ ದರದ ಮೇಲೆ ಹೇರುತ್ತ ಬಂದರು. ದರ ಹೆಚ್ಚಿದಂತೆಲ್ಲ ವ್ಯಾಪಾರಿಯು ಬೇರೆ ದಾರಿ ಹಿಡಿದನು. ಉಳಿದ ಸಾಮಾನಿನಲ್ಲಿ ಕಲ್ಲಿದ್ದಲೇ ಅರ್ಧದಷ್ಟು. ಪ್ರಯಾಣಿಕನ ಖರ್ಚಿನಲ್ಲಿ ನೂರಕ್ಕೆ ೫೭ ಮಾತ್ರ ವಸೂಲಾಗುತ್ತದೆಂದು ಕೆಲವು ವರ್ಷಗಳ ಹಿಂದೆ ಟಿಕೇಟಿನ ಮೇಲೆಯೇ ಅಚ್ಚು ಹಾಕುತ್ತಿದ್ದರು. ಅದನ್ನು ಓದಿ ನಾಚಿದ ಪ್ರಯಾಣಿಕನನ್ನು ನಾನು ಕಂಡಿಲ್ಲ, ನಾನೂ ನಾಚಿರಲಿಲ್ಲ.

ಇನ್ನೊಂದು ಕಾರಣವನ್ನು ಅಪ್ಪನಿದ್ದಿದ್ದರೆ ಎಲ್ಲಕ್ಕಿಂತ ಮೊದಲು ಹೇಳುತ್ತಿದ್ದನು. ಉಗಿ ಎಂಜಿನ್ನಿನ ಬಾಯ್ಲರನ್ನು ಕೆಲವು ದಿನಗಳಿಗೊಮ್ಮೆ ಆರಿಸಿ, ನೀರು ಬಸಿದು, ಒಳಗೆ ಕಟ್ಟಿದ ಗಸಿಯನ್ನು ತೊಳೆಯಬೇಕು. ಆ ಹೊತ್ತು ಎಂಜಿನ್ನು ದುಡಿಯುವುದಿಲ್ಲ. ತೊಳೆಯದೆ ಇನ್ನೊಂದು ಸುತ್ತು ಓಡಿಸಿದರೆ ಅಂದಿನ ಲೆಕ್ಕದಲ್ಲಿ ಲಾಭವೇ. ಆದರೆ ಗಸಿ ಕುಳಿತ ಕೊಳವೆಯು ಒಂದು ದಿನ ಘಟ್ಟದ ನಡುವೆ ಸೇಡು ತೀರಿಸಿಕೊಳ್ಳುತ್ತದೆ. ಸವೆದ ಹಳಿ, ಹಳೆಯ ಬಂಡಿಗಳನ್ನು ಬದಲಿಸಲೆಂದು ರೈಲ್ವೆಗೆ ಸವಕಳಿಯ ನಿಧಿಯೊಂದಿದೆ. ಗಳಿಕೆ ಸಾಲದ ವರ್ಷಗಳಲ್ಲಿ ಆ ನಿಧಿಗೆ ಹಾಕಿದುದು ತೀರ ಅಲ್ಪವೆಂದು ಲೆಕ್ಕಪರಿಶೋಧಕರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ನಿಧಿಗೆ ಹಾಕುವುದನ್ನು ಕಡಿಮೆ ಮಾಡಿದರೆ ಅನುಪಾತವು ಕಾಗದದ ಮೇಲೆ ಚೆನ್ನಾಗಿ ಕಾಣುವುದೇನೋ ಸರಿ.

ಎಲ್ಲಕ್ಕೂ ಬುಡದಲ್ಲಿರುವ ತೊಡಕೊಂದೇ. ನಾವು ರೈಲನ್ನು ಅಂಗಡಿಯೆಂದೂ ಭಾವಿಸಿದೆವು, ಧರ್ಮಛತ್ರವೆಂದೂ ಭಾವಿಸಿದೆವು. ಉಣ್ಣುವಾಗ ಛತ್ರವೆಂದು ಉಂಡೆವು. ಲೆಕ್ಕ ಕೇಳುವಾಗ ಅಂಗಡಿಯೆಂದು ಕೇಳಿದೆವು. ಛತ್ರವನ್ನು ನಡೆಸುವುದು ತಪ್ಪಲ್ಲ. ನಮ್ಮ ಹಳಿ ಹುಟ್ಟಿದುದೇ ಕ್ಷಾಮದ ನೆನಪಿನಲ್ಲಿ. ಆದರೆ ಛತ್ರಕ್ಕೆ ದಾನಪತ್ರ ಬೇಕು. ಯಾರು ಕೊಡುವವರು, ಎಷ್ಟು ಕೊಡುವವರು ಎಂಬುದು ಗೋಡೆಯ ಮೇಲೆ ಬರೆದಿರಬೇಕು. ಅದನ್ನು ಬರೆಯದೆ ಬಿಟ್ಟುದರಿಂದ, ಕೊನೆಗೆ ದೋಷವು ಹೂಬತ್ತಿ ಹೊಸೆಯುವ ಮುದುಕಿಯ ತಲೆಯ ಮೇಲೆ ಬಂದು ಕುಳಿತಿತು.

ಮರುದಿನ ಸಂಜೆ ಇದನ್ನೆಲ್ಲ ಅವ್ವನಿಗೆ ತಿಳಿಯುವಂತೆ ಹೇಳಿದೆನು. ಆಕೆ ತಾಳ್ಮೆಯಿಂದ ಕೇಳಿದಳು. ನನ್ನ ಛತ್ರ, ಬಾಯ್ಲರುಗಳ ಮಾತಿಗೆ ತಲೆದೂಗಿದಳು. ಆದರೂ ಆಕೆಯ ಮನಸ್ಸು ಒಪ್ಪಲಿಲ್ಲವೆಂಬುದು ಕಣ್ಣಿನಲ್ಲಿ ಕಾಣುತ್ತಿದ್ದಿತು. ಬಹಳ ಹೊತ್ತಿನ ಮೇಲೆ, “ಈಗ ಸೇರೂ ಹುಡುಗರಿಗೂ ಹಿಂಗ ಪಿಂಚಣಿ ಬರತದೇನು?” ಎಂದು ಕೇಳಿದಳು.

ಇಲ್ಲವೆಂದೆನು. ೨೦೦೪ರ ಜನವರಿ ಒಂದರಿಂದ ಈಚೆಗೆ ಸೇರಿದವರಿಗೆ ಪದ್ಧತಿಯೇ ಬೇರೆ. ಅವರ ಸಂಬಳದಿಂದ ತಿಂಗಳು ತಿಂಗಳೂ ವಂತಿಗೆ ಹಿಡಿದು, ಸರಕಾರವೂ ತನ್ನ ಪಾಲು ಹಾಕಿ ಕೂಡಿಡುತ್ತದೆ. ಅವರಲ್ಲಿ ಬೇಕೆಂದವರಿಗೆ ನಿಶ್ಚಿತ ಪಿಂಚಣಿ ಕೊಡುವ ಏಕೀಕೃತ ಯೋಜನೆಯೊಂದನ್ನು ಸರಕಾರವು ಒಪ್ಪಿದ್ದಿತು. ೨೦೨೫ರ ಏಪ್ರಿಲಿನಲ್ಲಿ ಅದು ಜಾರಿಗೆ ಬಂದಿತು. ಅದರಲ್ಲಿಯೂ ವಂತಿಗೆ ತಪ್ಪಿದುದಲ್ಲ. ಹಳೆಯ ಪದ್ಧತಿಯವರು ಒಬ್ಬೊಬ್ಬರಾಗಿ ತೀರಿದಂತೆ ಆ ಭಾರವೂ ಇಳಿಯುತ್ತ ಹೋಗಬೇಕು.

ಅವ್ವ ಇದನ್ನು ತನ್ನ ರೀತಿಯಲ್ಲಿ ತಿರುವಿ ನೋಡಿದಳು. “ಹಂಗಾದ್ರ ನಮ್ಮ ಗಾಡೀಗೆ ಇನ್ನ ಹೊಸಾ ಡಬ್ಬಿ ಸೇರಸೂದಿಲ್ಲ” ಎಂದಳು. ಸ್ವಲ್ಪ ತಡೆದು, “ನಿಮ್ಮಪ್ಪ ಹೇಳತಿದ್ದ. ಗಾಡಿ ಠೇಸನ್ನ ದಾಟಿದ್ರ ಸಾಲೂದಿಲ್ಲ; ಕಡೀ ಡಬ್ಬೀ ಹಿಂದಿನ ಕೆಂಪು ದೀಪಾ ಮಾಸ್ತರ ಕಣ್ಣಿಲೆ ನೋಡಬೇಕು. ಅದನ್ನ ನೋಡೂತನಕ ಹಿಂದಿನ ಗಾಡಿಗೆ ಲೈನ್ ಕ್ಲಿಯರ್ ಕೊಡಂಗಿಲ್ಲ. ನಡುವ ಡಬ್ಬಿ ಕಳಚಿ ಉಳದಿದ್ರ ಗೊತ್ತಾಗೂದು ಹೆಂಗ?” ಎಂದು ನನ್ನ ಮುಖ ನೋಡಿದಳು. “ನಾ ಇದ್ದೀನಿ ಅಂತ ಹೇಳಲಿಲ್ಲಾ ಅಂದ್ರ ಅವರ ಲೆಕ್ಕಾನೂ ತಪ್ಪತದ. ನಾಳೆ ಬ್ಯಾಂಕಿಗೆ ಹೋಗೂಣು.”

ನನ್ನ ಒಂದು ರಾತ್ರಿಯ ಅಂಕಿಗಳು ಮಾಡದ ಕೆಲಸವನ್ನು ಅಪ್ಪನ ಹಳೆಯ ಮಾತೊಂದು ಮಾಡಿತು. ಸಂಸ್ಥೆಗೆ ತಾನು ಭಾರವೋ ಅಲ್ಲವೋ ಎಂಬ ಪ್ರಶ್ನೆಯನ್ನು ಆಕೆ ಬಿಡಿಸಲಿಲ್ಲ. ಹೊರಟ ಗಾಡಿಯು ಪೂರ್ತಿಯಾಗಿ ಮುಟ್ಟಬೇಕೆಂಬುದಷ್ಟೇ ಆಕೆಗೆ ಮುಖ್ಯವಾಯಿತು. ಮರುದಿನ ಇಳಕಲ್ಲ ಸೀರೆ ಹೊರಗೆ ಬಂದಿತು. ಈಗ ಸಹಿಯಲ್ಲ, ಯಂತ್ರದ ಮೇಲೆ ಬೆರಳೂರಬೇಕು. ಎಂಬತ್ತಾರರ ಬೆರಳಿನ ಗೆರೆಗಳು ಸವೆದುಹೋಗಿ ಯಂತ್ರವು ಎರಡು ಬಾರಿ ಒಪ್ಪಲಿಲ್ಲ. ಮೂರನೆಯ ಬಾರಿಗೆ ಒಪ್ಪಿತು. “ಬದುಕಿದೆ” ಎಂದು ಅವ್ವ ಗಟ್ಟಿಯಾಗಿ ನಕ್ಕಳು.

ಸಂಗತಿಯನ್ನು ಕೇಳಿ ಮಗನು ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದನು. ಅವ್ವನೇ ಫೋನು ಕಸಿದುಕೊಂಡು, “ನೀ ಹೇಳಿದ್ದು ಸುಳ್ಳಲ್ಲ ಕೂಸ. ಲೆಕ್ಕಾ ಹೇಳಾವರು ಮನ್ಯಾಗ ಒಬ್ಬರರೆ ಇರಬೇಕು” ಎಂದು ಸಮಾಧಾನ ಹೇಳಿದಳು.

ಆದರೂ ಒಂದು ಮಾತು ಆಕೆಯ ಮನಸ್ಸಿನಲ್ಲಿ ಉಳಿದಿದ್ದಿತು. ಮರುವಾರ ತಂಗಿಯ ಮನೆಗೆಂದು ಧಾರವಾಡಕ್ಕೆ ಹೊರಟೆವು. ಹುಬ್ಬಳ್ಳಿಯ ನಿಲ್ದಾಣಕ್ಕೆ ಈಗ ಶ್ರೀ ಸಿದ್ಧಾರೂಢರ ಹೆಸರು. ೨೦೨೩ರಲ್ಲಿ ಉದ್ಘಾಟನೆಯಾದ ಅಲ್ಲಿಯ ಪ್ಲಾಟ್‌ಫಾರಮ್ಮು ೧೫೦೭ ಮೀಟರು, ಜಗತ್ತಿನಲ್ಲಿಯೇ ಅತಿ ಉದ್ದವಾದುದು. ಅದರ ತುದಿಯನ್ನು ಕಾಣಲಾರದೆ ಅವ್ವ ಹುಬ್ಬಿಗೆ ಕೈಯಿಟ್ಟು ನೋಡಿ, “ಇದಕ್ಕೂ ರೊಕ್ಕಾ ಹತ್ತೇದಲ್ಲಾ” ಎಂದಳು. ಆಮೇಲೆ ಚೀಲದಿಂದ ಹಣ ತೆಗೆದು, ಈ ಸಲ ಪಾಸು ಬೇಡ, ಟಿಕೇಟೇ ತೆಗೆಸಬೇಕೆಂದು ಹಟ ಹಿಡಿದಳು. ತಲೆಗೆ ಹತ್ತು ರೂಪಾಯಿಯಂತೆ ಎರಡು ಟಿಕೇಟು ತಂದೆನು. ರೈಲಿಗೆ ಇಷ್ಟಾದರೂ ಸಂದಾಯವಾಯಿತೆಂಬ ತೃಪ್ತಿಯಿಂದ ಆಕೆ ಅವನ್ನು ಸೆರಗಿನ ತುದಿಗೆ ಗಂಟು ಹಾಕಿ, ಕಿಟಕಿಯ ಬಳಿ ಕುಳಿತಳು.

ಆ ಹತ್ತು ರೂಪಾಯಿಯ ಟಿಕೇಟಿನಲ್ಲಿಯೂ ರೈಲಿಗೆ ನಷ್ಟವೇ ಎಂಬುದನ್ನು ನಾನು ಆಕೆಗೆ ಹೇಳಲಿಲ್ಲ.